ಹತ್ತು ರೂಪಾಯಿ ಕೊಟ್ಟವರೂ ಲೆಕ್ಕ ಕೇಳಬಹುದು

ಒಂದು ಸಣ್ಣ ಗುಣಾಕಾರದಿಂದ ಶುರು ಮಾಡುತ್ತೇನೆ. ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತ ಅಭ್ಯರ್ಥಿ ಕಾನೂನಿನ ಪ್ರಕಾರ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 40 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಈ ಮಿತಿ ಗೊತ್ತಾಯಿತು. ನಮ್ಮ ಜಾಲಹಳ್ಳಿ ವಾರ್ಡ್ ಸೇರಿದ್ದು ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ. ಅಲ್ಲಿ 4 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ತಲೆಗೆ 10 ರೂಪಾಯಿಯಂತೆ 4 ಲಕ್ಷ ಜನ ಕೊಟ್ಟರೆ ಎಷ್ಟಾಯಿತು? ಸರಿಯಾಗಿ 40 ಲಕ್ಷ. ಹತ್ತು ರೂಪಾಯಿಗೆ ಈಗ ಕಾಲೇಜ್ ಗೇಟಿನ ಹೊರಗೆ ಒಂದು ಟೀ ಸಿಕ್ಕರೆ ಪುಣ್ಯ.

ಲೆಕ್ಕ ಇಷ್ಟು ಸುಲಭ ಇದ್ದ ಮೇಲೆ ನಮ್ಮ ಅಭ್ಯರ್ಥಿಗಳು ಹೀಗೆ ಯಾಕೆ ಹಣ ಸೇರಿಸುವುದಿಲ್ಲ? ಈ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ. ಹೀಗೆ ಸೇರಿಸಿದವರು ಇದ್ದಾರೆ, ನಮ್ಮ ರಾಜ್ಯದಲ್ಲೇ ಇದ್ದಾರೆ, ಎಪ್ಪತ್ತು ವರ್ಷದ ಹಿಂದೆಯೇ ಇದ್ದರು ಎಂದು ಗೊತ್ತಾಯಿತು. ಮುಂದಿನ ವರ್ಷ ನಮ್ಮಲ್ಲಿ ಬಹಳ ಜನಕ್ಕೆ ಹದಿನೆಂಟು ತುಂಬುತ್ತದೆ, ವೋಟರ್ ಐಡಿ ಬರುತ್ತದೆ. ಅದರ ಹಿಂದೆಯೇ ಯಾರಾದರೂ ಫೋನಿಗೆ ಒಂದು ಕ್ಯೂಆರ್ ಕೋಡ್ ಕಳಿಸಿ ‘ನೂರು ರೂಪಾಯಿ ಹಾಕಿ’ ಎನ್ನುತ್ತಾರೆ. ಆಗ ಏನು ನೋಡಬೇಕು, ಏನು ಕೇಳಬೇಕು ಎಂಬುದಕ್ಕೆ ಈ ಲೇಖನ.

ಮೊದಲು ಪದದ ವಿಷಯ. ನಮ್ಮ ಮನೆಯಲ್ಲಿ ಉರ್ದು. ಅಲ್ಲಿ ಚಂದಾ ಎಂದರೆ ಹತ್ತು ಜನ ಸೇರಿ ಒಂದು ಕೆಲಸಕ್ಕೆ ಕೊಡುವ ಹಣ. ಕನ್ನಡಕ್ಕೆ ಬಂದು ಅದೇ ಪದ ಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವ ಹಣವಾಗಿದೆ, ಚಂದಾದಾರ ಎನ್ನುತ್ತೇವಲ್ಲ ಹಾಗೆ. ಉರ್ದುವಿನ ಚಂದಾಗೆ ಕನ್ನಡದಲ್ಲಿ ಸರಿಯಾದ ಹಳೆಯ ಪದ ವಂತಿಗೆ. ಊರಹಬ್ಬಕ್ಕೆ, ಕೆರೆ ಏರಿ ಕಟ್ಟುವುದಕ್ಕೆ ಮನೆಮನೆಯಿಂದ ಎತ್ತುವ ಪಾಲು. ಈಗ ಎಲ್ಲರೂ ಕ್ರೌಡ್ ಫಂಡಿಂಗ್ ಎನ್ನುವುದು ಇದನ್ನೇ, ಮೊಬೈಲ್ ಸೇರಿಕೊಂಡಿದೆ ಅಷ್ಟೆ.

ಇನ್ನು ಕರ್ನಾಟಕದ ಕಥೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಭೂಮಾಲೀಕರ ಹೊಲದಲ್ಲಿ ದುಡಿದು ಬೆಳೆಯ ದೊಡ್ಡ ಪಾಲನ್ನು ಗೇಣಿಯಾಗಿ ಅಳೆದು ಕೊಡುತ್ತಿದ್ದ ರೈತರ ಹೋರಾಟ ಅದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರಲ್ಲಿ, ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ–ಹೊಸನಗರ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದಿಂದ ಶಾಂತವೇರಿ ಗೋಪಾಲಗೌಡರು ನಿಂತರು. ಇನ್ನೂ ಮೂವತ್ತು ತುಂಬದ ಯುವಕ, ಕೈಯಲ್ಲಿ ಕಾಸಿಲ್ಲ. ಆಗ ವಿಧಾನಸಭೆಗೆ ನಿಲ್ಲುವುದಕ್ಕೆ ಠೇವಣಿಯೇ 250 ರೂಪಾಯಿ, ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅವರ ಹೆಸರಿನ ಜೊತೆ ಇವತ್ತಿಗೂ ನೆನಪಾಗುವ ಘೋಷಣೆ ‘ಒಂದು ವೋಟು, ಒಂದು ನೋಟು’. ಮತವನ್ನೂ ಕೊಡಿ, ಆ ಮತ ಕೇಳುವ ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡಿ. ಗೋಪಾಲಗೌಡರು ಗೆದ್ದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಇರುವವರು ಇವರೇ.

ಆ ಘೋಷಣೆಯಲ್ಲಿ ನನಗೆ ಹಿಡಿಸಿದ್ದು ಪ್ರಾಸವಲ್ಲ, ನೋಟು ಹೋಗುವ ದಿಕ್ಕು. ನಾವು ಟಿವಿಯಲ್ಲಿ ನೋಡುವ ಚುನಾವಣೆಯಲ್ಲಿ ನೋಟು ಅಭ್ಯರ್ಥಿಯ ಕಡೆಯಿಂದ ಮತದಾರನ ಕಡೆಗೆ ಬರುತ್ತದೆ. ಕುಕ್ಕರ್, ಸೀರೆ, ಲಕೋಟೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 123 ಇದನ್ನು ಭ್ರಷ್ಟ ಆಚರಣೆ ಎಂದು ಕರೆಯುತ್ತದೆ, ಆದರೂ ಬರುತ್ತದೆ. ಮಲೆನಾಡಿನ ಗೇಣಿದಾರರು ಅದನ್ನು ತಿರುಗಿಸಿದರು. ಬಡವ ಕೊಟ್ಟ, ಅಭ್ಯರ್ಥಿ ತೆಗೆದುಕೊಂಡ. ಕೊಟ್ಟವನು ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಶಾಸಕರು ಸಿಕ್ಕಾಗ ‘ಏನು ಮಾಡಿದಿರಿ’ ಎಂದು ಎದುರಿಗೆ ನಿಂತು ಕೇಳಬಹುದು. ತೆಗೆದುಕೊಂಡ ಮತದಾರನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬರು ಮಂಡ್ಯ ಜಿಲ್ಲೆಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ. ರೈತ ಸಂಘದಿಂದ 1994ರಲ್ಲಿ ಪಾಂಡವಪುರದಲ್ಲಿ, 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆದ್ದವರು. ಹಳ್ಳಿಗಳಲ್ಲಿ ರೈತರು ಅವರಿಗೆ ವೋಟಿನ ಜೊತೆ ಚುನಾವಣೆ ಖರ್ಚಿಗೆ ತಮ್ಮ ಕೈಯಿಂದಲೇ ಹಣ ಕೊಡುತ್ತಿದ್ದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ, ಅಮೆರಿಕದಲ್ಲಿ ಐಟಿ ಕಂಪನಿ ನಡೆಸುತ್ತಿದ್ದ ಮಗ ದರ್ಶನ್ ಪುಟ್ಟಣ್ಣಯ್ಯ ಊರಿಗೆ ಬಂದು ಸ್ಪರ್ಧಿಸಿದರು. 2018ರಲ್ಲಿ ಸೋತರು, 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು.

ಅದೇ 2018ರ ಚುನಾವಣೆಯಲ್ಲಿ ನಮ್ಮ ಜಾಲಹಳ್ಳಿ ದೇಶಕ್ಕೆಲ್ಲ ಸುದ್ದಿಯಾಯಿತು, ಬೇರೆ ಕಾರಣಕ್ಕೆ. ಮೇ ತಿಂಗಳಲ್ಲಿ ಇಲ್ಲಿನ ಒಂದು ಅಪಾರ್ಟ್‌ಮೆಂಟ್ ಫ್ಲಾಟಿನಲ್ಲಿ 9,746 ವೋಟರ್ ಐಡಿ ಕಾರ್ಡ್‌ಗಳು ಕಟ್ಟುಕಟ್ಟಾಗಿ ಸಿಕ್ಕಿದವು. ಮೇ 12ಕ್ಕೆ ರಾಜ್ಯದ ಬಹುತೇಕ ಕ್ಷೇತ್ರಗಳು ಮತ ಹಾಕಿದವು. ರಾಜರಾಜೇಶ್ವರಿನಗರದ ಮತದಾನವನ್ನು ಚುನಾವಣಾ ಆಯೋಗ ಮೇ 28ಕ್ಕೆ ಮುಂದೂಡಿತು. ಆಗ ನಾವೆಲ್ಲ ಪ್ರೈಮರಿ ಶಾಲೆಯಲ್ಲಿದ್ದೆವು. ಮತದಾರನ ಗುರುತಿನ ಚೀಟಿಯೇ ಬೇರೆಯವರ ಮನೆಯಲ್ಲಿ ಕಟ್ಟಿಟ್ಟ ಸರಕಾಗುವ ಊರಿನಲ್ಲಿ, ಮತದಾರನೇ ಹಣ ಕೊಡುವ ರಾಜಕೀಯದ ಬಗ್ಗೆ ಮಾತನಾಡಿದರೆ ಜನ ನಗುತ್ತಾರೆ. ನಗಲಿ.

ಬಿಸಿನೆಸ್ ಸ್ಟಡೀಸ್‌ನಲ್ಲಿ ಓದಿದ ಸಹಕಾರ ಸಂಘದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಪನಿಯಲ್ಲಿ ಎಷ್ಟು ಷೇರೋ ಅಷ್ಟು ವೋಟು. ಸಹಕಾರ ಸಂಘದಲ್ಲಿ ನೂರು ಷೇರು ಇದ್ದರೂ ಒಂದೇ ವೋಟು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗಿನಿಂದ ಈ ತತ್ವ ನಮ್ಮ ನಾಡಿಗೆ ಹೊಸದಲ್ಲ. ಒಬ್ಬನೇ 40 ಲಕ್ಷ ಕೊಟ್ಟರೆ ಅವನು ಶಾಸಕರಿಗೆ ಸಾಲ ಕೊಟ್ಟವನ ಹಾಗೆ, ವಸೂಲಿಗೆ ಬಂದೇ ಬರುತ್ತಾನೆ. 4 ಲಕ್ಷ ಜನ ಹತ್ತು ಹತ್ತು ಕೊಟ್ಟರೆ ಯಾರಿಗೂ ಒಬ್ಬರೇ ವಸೂಲಿ ಮಾಡುವ ಶಕ್ತಿ ಇಲ್ಲ, ಆದರೆ ಎಲ್ಲರಿಗೂ ಲೆಕ್ಕ ಕೇಳುವ ಹಕ್ಕಿದೆ. ಆ ಹಕ್ಕು ನಡೆಯಬೇಕಾದರೆ ಲೆಕ್ಕ ಇರಬೇಕು. ಇದಕ್ಕೆ ಹಳೆಯ ಎರಡು ಉದಾಹರಣೆ ಕೊಡುತ್ತೇನೆ. ಎರಡರಲ್ಲೂ ನಮ್ಮ ಸಮುದಾಯದ ವ್ಯಾಪಾರಿಗಳಿದ್ದಾರೆ.

ಮೊದಲನೆಯದು ದಕ್ಷಿಣ ಆಫ್ರಿಕಾದ ನಟಾಲ್. 1894ರಲ್ಲಿ ಗಾಂಧೀಜಿ ಅಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗ ಬೆನ್ನಿಗೆ ನಿಂತವರಲ್ಲಿ ಹೆಚ್ಚಿನವರು ದಾದಾ ಅಬ್ದುಲ್ಲಾ ಅವರಂಥ ಗುಜರಾತಿ ಮುಸ್ಲಿಂ ವ್ಯಾಪಾರಿಗಳು. ತಿಂಗಳಿಗೆ ಕನಿಷ್ಠ ಐದು ಶಿಲ್ಲಿಂಗ್ ವಂತಿಗೆ. ಕೊಡುತ್ತೇನೆ ಎಂದವರು ಕೊಡುವುದಿಲ್ಲ, ಅದು ಎಲ್ಲ ಕಾಲದ ಕಷ್ಟ. ಟೊಂಗಾಟ್ ಎಂಬ ಊರಿನಲ್ಲಿ ಒಬ್ಬ ಸಾಹುಕಾರರ ಮನೆಗೆ ಹೋದ ಕಥೆಯನ್ನು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇವರು ಆರು ಪೌಂಡ್ ಕೇಳಿದರು, ಅವರು ಮೂರೇ ಎಂದರು. ಹಣ ಕೊಡುವ ತನಕ ಊಟ ಮುಟ್ಟುವುದಿಲ್ಲ ಎಂದು ಇಡೀ ತಂಡ ರಾತ್ರಿಯೆಲ್ಲಾ ಹಸಿದು ಕೂತಿತು. ಬೆಳಗಿನ ಜಾವಕ್ಕೆ ಆರು ಪೌಂಡೂ ಬಂತು, ಊಟವೂ ಬಂತು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅದೇ ಪುಸ್ತಕದ ಇನ್ನೊಂದು ವಿಷಯ. ಎಷ್ಟೇ ಸಣ್ಣ ಮೊತ್ತ ಬಂದರೂ ರಸೀದಿ ಕೊಡುತ್ತಿದ್ದರು, ಪೈಸೆ ಪೈಸೆಯ ಲೆಕ್ಕ ಬರೆಯುತ್ತಿದ್ದರು. ಲೆಕ್ಕ ಸರಿಯಿಲ್ಲದ ಸಾರ್ವಜನಿಕ ಸಂಸ್ಥೆಯ ಮೇಲೆ ಜನರ ನಂಬಿಕೆ ಉಳಿಯುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಅಕೌಂಟೆನ್ಸಿ ಸರ್ ವೋಚರ್ ಇಲ್ಲದ ಎಂಟ್ರಿಗೆ ಅಂಕ ಕೊಡದೇ ಇರುವುದೂ ಇದಕ್ಕೇ ಇರಬೇಕು.

ಎರಡನೆಯದು ಖಿಲಾಫತ್ ನಿಧಿ. 1920–21ರ ಆಸುಪಾಸಿನಲ್ಲಿ ದೇಶದ ತುಂಬ ಮುಸ್ಲಿಮರು ಇದಕ್ಕೆ ಹಣ ಕೊಟ್ಟರು. ಅಲಿ ಸಹೋದರರ ತಾಯಿ, ಎಲ್ಲರೂ ಬೀ ಅಮ್ಮಾ ಎಂದು ಕರೆಯುತ್ತಿದ್ದ ಆಬಾದಿ ಬಾನೊ ಬೇಗಂ, ಆ ವಯಸ್ಸಿನಲ್ಲಿ ಊರೂರು ತಿರುಗಿ ಭಾಷಣ ಮಾಡಿ ಚಂದಾ ಎತ್ತಿದರು. ಹೆಂಗಸರು ಒಡವೆ ಬಿಚ್ಚಿ ಕೊಟ್ಟರು. ಆಮೇಲೆ ಸಮಿತಿಯ ಮುಂಚೂಣಿಯಲ್ಲಿದ್ದ ಬಾಂಬೆಯ ದೊಡ್ಡ ವ್ಯಾಪಾರಿಯೊಬ್ಬರು ನಿಧಿಯ ಹಣವನ್ನು ಸ್ವಂತ ವ್ಯಾಪಾರದಲ್ಲಿ ತೊಡಗಿಸಿದ್ದು ಹೊರಬಂತು. ಲಕ್ಷಗಟ್ಟಲೆ ರೂಪಾಯಿಯ ವಿಷಯ. ಚಳವಳಿ ನಿಂತದ್ದಕ್ಕೆ ಬೇರೆ ದೊಡ್ಡ ಕಾರಣಗಳಿವೆ, 1924ರಲ್ಲಿ ಟರ್ಕಿಯೇ ಖಿಲಾಫತ್ತನ್ನು ರದ್ದು ಮಾಡಿತು. ಆದರೆ ಕಿವಿಯೋಲೆ ಬಿಚ್ಚಿ ಕೊಟ್ಟ ಹೆಂಗಸಿಗೆ ಆ ಸುದ್ದಿ ಮುಟ್ಟಿದಾಗ ಏನನ್ನಿಸಿರಬೇಡ? ಅದೇ 1921ರಲ್ಲಿ ಕಾಂಗ್ರೆಸ್ ತಿಲಕ್ ಸ್ವರಾಜ್ ನಿಧಿಗೆ ಜೂನ್ 30ರೊಳಗೆ ಒಂದು ಕೋಟಿ ರೂಪಾಯಿಯ ಗುರಿ ಇಟ್ಟು ಮುಟ್ಟಿತು. ಅದರಲ್ಲಿ ಬಡವರ ಕಾಸೂ ಇತ್ತು, ಬಾಂಬೆಯ ವ್ಯಾಪಾರಿಗಳ ದೊಡ್ಡ ಮೊತ್ತವೂ ಇತ್ತು.

ಈಗಿನ ಕಾಲಕ್ಕೆ ಬರೋಣ. ಹಣ ಎರಡು ಕಡೆಗೆ ಹೋಗಬಹುದು, ಅಭ್ಯರ್ಥಿಗೆ ಅಥವಾ ಪಕ್ಷಕ್ಕೆ. ಎರಡರ ನಿಯಮ ಬೇರೆ ಬೇರೆ, ಇದನ್ನು ಬಹಳ ಜನ ಬೆರೆಸಿಬಿಡುತ್ತಾರೆ.

ಅಭ್ಯರ್ಥಿಯ ನಿಯಮ ಬಿಗಿ. ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮುಂಚೆ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಬಂದ ಹಣವೆಲ್ಲ ಅದಕ್ಕೆ ಬರಬೇಕು, ಖರ್ಚು ಅದರಿಂದಲೇ ಹೋಗಬೇಕು. ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು, ಇಲ್ಲದಿದ್ದರೆ ಆಯೋಗ ಮೂರು ವರ್ಷದ ತನಕ ಅನರ್ಹಗೊಳಿಸಬಹುದು.

ಪಕ್ಷದ ನಿಯಮ ಸಡಿಲ. ಪಕ್ಷ ಎಷ್ಟು ಖರ್ಚು ಮಾಡಬಹುದು ಎನ್ನುವುದಕ್ಕೆ ಮಿತಿಯೇ ಇಲ್ಲ. ಒಬ್ಬರು ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಮಾತ್ರ ಅವರ ಹೆಸರು ಚುನಾವಣಾ ಆಯೋಗಕ್ಕೆ ಹೋಗುತ್ತದೆ. 2017ರಿಂದ 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಪಡೆದರೆ ತೆರಿಗೆ ವಿನಾಯಿತಿಗೆ ಕುತ್ತು. ಹೀಗಾಗಿ 2,000ದ ಒಳಗೆ ನಗದು ಕೊಟ್ಟವರು ಯಾರು ಎಂದು ಹೊರಗಿನವರಿಗೆ ತಿಳಿಯುವ ದಾರಿ ಇಲ್ಲ.

ಸಣ್ಣ ದೇಣಿಗೆ ಈಗ ಎಲ್ಲ ಪಕ್ಷಕ್ಕೂ ಬೇಕು. 2021ರ ಡಿಸೆಂಬರ್ 25ರಂದು ಬಿಜೆಪಿ 5 ರೂಪಾಯಿಯಿಂದ 1,000 ರೂಪಾಯಿವರೆಗಿನ ಕಿರು ದೇಣಿಗೆಯ ಅಭಿಯಾನ ಶುರು ಮಾಡಿತು, ಪ್ರಧಾನಿಯೇ 1,000 ಹಾಕಿದರು. 2023ರ ಡಿಸೆಂಬರ್ 18ರಂದು ಕಾಂಗ್ರೆಸ್ ತನ್ನ 138 ವರ್ಷದ ಲೆಕ್ಕದಲ್ಲಿ 138, 1,380, 13,800 ರೂಪಾಯಿ ಕೇಳಿತು. ತಿಲಕ್ ಸ್ವರಾಜ್ ನಿಧಿಯೇ ಪ್ರೇರಣೆ ಎಂದಿತು. ನಮ್ಮ ಕಲಬುರಗಿಯವರಾದ ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಮೊದಲಿಗೆ 1,38,000 ಕೊಟ್ಟರು. ಅದೇ ವರ್ಷ ಕೇರಳದಲ್ಲಿ, ಕಾಸರಗೋಡೂ ಸೇರಿ, ಮುಸ್ಲಿಂ ಲೀಗ್ ದೆಹಲಿಯಲ್ಲಿ ತನ್ನ ಕಚೇರಿ ಕಟ್ಟಲು ಆ್ಯಪ್ ಮೂಲಕ 25 ಕೋಟಿಗೂ ಹೆಚ್ಚು ಸೇರಿಸಿತು. ಕಮ್ಯುನಿಸ್ಟರು ಅಲ್ಲಿ ಬಕೆಟ್ ಹಿಡಿದು ಅಂಗಡಿ ಅಂಗಡಿಗೆ ಹೋಗುವುದು ಹಳೆಯ ರೂಢಿ.

ಬೆಂಗಳೂರಿನಲ್ಲಿ ನಡೆದದ್ದೂ ಒಂದಿದೆ. 2014ರ ಮಾರ್ಚ್‌ನಲ್ಲಿ ಅರವಿಂದ್ ಕೇಜ್ರಿವಾಲ್ ಜೊತೆ ಇಲ್ಲೊಂದು ಔತಣಕೂಟ ನಡೆಯಿತು, ತಲೆಗೆ 20,000 ರೂಪಾಯಿ. ಇದನ್ನು ಸಣ್ಣ ದೇಣಿಗೆ ಎನ್ನಬೇಕೋ ದೊಡ್ಡದೆನ್ನಬೇಕೋ ಓದುಗರೇ ತೀರ್ಮಾನಿಸಲಿ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೇಲೆ ನಿಲ್ಲುವವರಿಗೆ ಅದು ತಿಂಗಳ ಸಂಬಳದ ಮಾತು.

ಹಣ ಬಂದರೆ ಗೆಲುವು ಬರುತ್ತದೆಯೇ? ಇಲ್ಲ. 2019ರಲ್ಲಿ ಬಿಹಾರದ ಬೇಗುಸರಾಯ್‌ನಲ್ಲಿ ಕನ್ಹಯ್ಯಾ ಕುಮಾರ್ ಆನ್‌ಲೈನ್‌ನಲ್ಲಿ 70 ಲಕ್ಷ ಸೇರಿಸಿದರು, ಆಗ ಲೋಕಸಭೆಯ ಖರ್ಚಿನ ಮಿತಿಯೇ ಅಷ್ಟು. ಸೋತಿದ್ದು 4 ಲಕ್ಷಕ್ಕೂ ಹೆಚ್ಚು ಮತಗಳಿಂದ. ಕಾರಣ ಊಹಿಸಬಹುದು. ಕೊಟ್ಟವರು ಎಲ್ಲೆಲ್ಲೋ ಇದ್ದಿರಬಹುದು, ಮತ ಇದ್ದದ್ದು ಬೇಗುಸರಾಯ್‌ನಲ್ಲಿ. ಗುಜರಾತಿನ ವಡಗಾಮ್‌ನಲ್ಲಿ 2017ರಲ್ಲಿ ಜಿಗ್ನೇಶ್ ಮೇವಾನಿ ಇದೇ ರೀತಿ ಹಣ ಸೇರಿಸಿ ಗೆದ್ದದ್ದೂ ಇದೆ. ಗೋಪಾಲಗೌಡರ ಕಾಲದಲ್ಲಿ ಕೊಟ್ಟ ಕೈ ಮತ್ತು ವೋಟು ಹಾಕುವ ಕೈ ಒಂದೇ ಆಗಿತ್ತು. ಮೊಬೈಲ್ ಅವೆರಡನ್ನು ಬೇರೆ ಮಾಡಿಬಿಟ್ಟಿದೆ. ಅಮೆರಿಕದಲ್ಲಿ ಬರ್ನಿ ಸ್ಯಾಂಡರ್ಸ್ 2016ರಲ್ಲಿ ತಮ್ಮ ಸರಾಸರಿ ದೇಣಿಗೆ 27 ಡಾಲರ್ ಎಂದು ಸಭೆ ಸಭೆಯಲ್ಲಿ ಹೇಳುತ್ತಿದ್ದರು, ಪಕ್ಷದ ಟಿಕೆಟ್ ಅವರಿಗೂ ಸಿಗಲಿಲ್ಲ.

ಈಗ ಕಷ್ಟದ ಭಾಗ. ಸಣ್ಣ ದೇಣಿಗೆ ಎಂದ ತಕ್ಷಣ ಅದು ಶುದ್ಧ ಎಂದು ನಂಬುವಂತಿಲ್ಲ. ಒಬ್ಬರು 2 ಲಕ್ಷ ನಗದು ತಂದುಕೊಟ್ಟರು ಎಂದುಕೊಳ್ಳಿ. ಅದನ್ನು ನೂರು ಜನ ತಲಾ 2,000 ಕೊಟ್ಟರು ಎಂದು ಬರೆದರೆ ಹಿಡಿಯುವವರು ಯಾರು? ಆ ನೂರು ಜನರ ಪಟ್ಟಿಯನ್ನು ಯಾರಿಗೂ ತೋರಿಸಬೇಕಿಲ್ಲ. ಬಿಎಸ್‌ಪಿ ವರ್ಷಾನುವರ್ಷ, 20,000 ಮೀರಿದ ಒಂದೇ ಒಂದು ದೇಣಿಗೆ ನಮಗೆ ಬಂದಿಲ್ಲ ಎಂದು ಘೋಷಿಸುತ್ತಾ ಬಂದಿದೆ. ನಮ್ಮದು ಬಡವರ ಪಕ್ಷ, ಎಲ್ಲ ಚಿಲ್ಲರೆ ಹಣ ಎಂಬುದು ಅವರ ವಾದ. ಅದು ನಿಜವೇ ಇರಬಹುದು. ನಿಜವೋ ಅಲ್ಲವೋ ಪರೀಕ್ಷಿಸುವ ದಾರಿಯೇ ಇಲ್ಲದಿರುವುದು ನನ್ನ ತಕರಾರು. ಇನ್ನೊಂದು ಆಟ ತೆರಿಗೆಯದು. ಆದಾಯ ತೆರಿಗೆ ಕಾನೂನಿನ ಪ್ರಕಾರ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು, ಪಕ್ಷಕ್ಕೆ ನಗದಲ್ಲದೆ ಕೊಟ್ಟ ದೇಣಿಗೆಯನ್ನು ಪೂರ್ತಿ ಆದಾಯದಿಂದ ಕಳೆಯಬಹುದು. ಹೆಸರೇ ಕೇಳದ ಪಕ್ಷಗಳಿಗೆ ಬ್ಯಾಂಕಿನಲ್ಲಿ ಹಣ ಹಾಕಿ, ಕಮಿಷನ್ ಕಳೆದು ನಗದಾಗಿ ವಾಪಸ್ ಪಡೆದವರ ಮೇಲೆ 2022ರಲ್ಲಿ ಇಲಾಖೆ ದೇಶದ ತುಂಬ ಶೋಧ ನಡೆಸಿತು.

ಚುನಾವಣಾ ಬಾಂಡ್ ಕೂಡ ಮೇಲ್ನೋಟಕ್ಕೆ ಸಣ್ಣವರಿಗೂ ತೆರೆದಿತ್ತು. ಸ್ಟೇಟ್ ಬ್ಯಾಂಕಿನಲ್ಲಿ 1,000 ರೂಪಾಯಿಯ ಬಾಂಡೂ ಸಿಗುತ್ತಿತ್ತು. 2018ರಿಂದ ಮಾರಾಟವಾದದ್ದು ಸುಮಾರು 16,518 ಕೋಟಿ ರೂಪಾಯಿಯ ಬಾಂಡ್. ಆ ಮೊತ್ತದ ಶೇ 90ಕ್ಕಿಂತ ಹೆಚ್ಚು ಬಂದದ್ದು ಒಂದೊಂದು ಕೋಟಿಯ ಬಾಂಡ್‌ಗಳಿಂದ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಸಂವಿಧಾನಬಾಹಿರ ಎಂದಿತು. ಯಾರು ಯಾರಿಗೆ ಕೊಟ್ಟರೆಂದು ತಿಳಿಯುವುದು ಮತದಾರನ ಹಕ್ಕು ಎಂದಿತು.

ಹಾಗಾದರೆ ಹತ್ತು ರೂಪಾಯಿ ಕೊಟ್ಟವರ ಹೆಸರನ್ನೂ ಗೋಡೆಗೆ ಅಂಟಿಸಬೇಕೇ? ಇಲ್ಲಿ ನಾನು ಸ್ವಲ್ಪ ಯೋಚಿಸಬೇಕಾಯಿತು. ಆಮ್ ಆದ್ಮಿ ಪಕ್ಷ ಮೊದಮೊದಲು ದಾನಿಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತಿತ್ತು. 2016ರಲ್ಲಿ ತೆಗೆದುಹಾಕಿತು, ಕೊಟ್ಟವರಿಗೆ ಕಿರುಕುಳ ಆಗುತ್ತಿದೆ ಎಂಬ ಕಾರಣ ಕೊಟ್ಟು. ಟೀಕಾಕಾರರು ಒಪ್ಪಲಿಲ್ಲ. ಆದರೆ ಆ ಭಯ ಸುಳ್ಳಲ್ಲ. ಒಬ್ಬ ಕಾರ್ಮಿಕ ಮಾಲೀಕರಿಗೆ ಹಿಡಿಸದ ಪಕ್ಷಕ್ಕೆ ನೂರು ರೂಪಾಯಿ ಕೊಟ್ಟಿದ್ದಾನೆ, ಬಾಡಿಗೆ ಮನೆಯವನು ಓನರ್‌ಗೆ ಆಗದ ಅಭ್ಯರ್ಥಿಗೆ ಕೊಟ್ಟಿದ್ದಾನೆ ಎಂದುಕೊಳ್ಳಿ. ಆ ಹೆಸರು ಫೋನ್‌ನಿಂದ ಫೋನ್‌ಗೆ ಹೋದರೆ ಕೊಟ್ಟವನಿಗೆ ತೊಂದರೆ. ವೋಟು ಗುಟ್ಟಾಗಿರುವುದು ಯಾಕೋ ಅದಕ್ಕೇ ಸಣ್ಣವರ ನೋಟೂ ಗುಟ್ಟಾಗಿರಬೇಕು. ಬಾಂಡ್ ತೀರ್ಪಿನಲ್ಲೂ ರಾಜಕೀಯ ಒಲವಿನ ಖಾಸಗಿತನವನ್ನು ಕೋರ್ಟ್ ತಳ್ಳಿಹಾಕಲಿಲ್ಲ. ಸರ್ಕಾರದಿಂದ ಏನನ್ನೋ ಪಡೆಯಲು ಕೊಡುವ ದೊಡ್ಡ ಹಣಕ್ಕೆ ಆ ರಕ್ಷಣೆ ಸಿಗದು ಎಂದಿತು.

ನನಗೆ ತೋಚುವ ದಾರಿ ಇಷ್ಟು. ಹೆಸರು ಬೇಡ, ಸಂಖ್ಯೆ ಬೇಕು. ಈ ವರ್ಷ ನಮಗೆ 2,000ದ ಒಳಗೆ ಇಷ್ಟು ಸಾವಿರ ಜನ ಕೊಟ್ಟರು, ಒಟ್ಟು ಇಷ್ಟು, ರಸೀದಿ ನಂಬರ್ ಇಲ್ಲಿಂದ ಇಲ್ಲಿವರೆಗೆ ಎಂದು ಪಕ್ಷ ಪ್ರಕಟಿಸಲಿ. ಕೊಟ್ಟವರು ತಮ್ಮ ರಸೀದಿ ನಂಬರ್ ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬಹುದು. ಯಾರ ಹೆಸರೂ ಹೊರಬರುವುದಿಲ್ಲ, ಆದರೆ 2 ಲಕ್ಷವನ್ನು ನೂರು ಪಾಲು ಮಾಡಿ ಬರೆಯುವವರಿಗೆ ನೂರು ಸುಳ್ಳು ರಸೀದಿ ಹರಿಯಬೇಕಾಗುತ್ತದೆ. ಸುಳ್ಳು ರಸೀದಿ ಹರಿಯುವುದು ಆಡಿಟರ್ ಮುಂದೆ ಅಷ್ಟು ಸುಲಭವಲ್ಲ.

ರಸೀದಿಯ ಅಭ್ಯಾಸ ನಮಗೆ ಹೊಸದೂ ಅಲ್ಲ. ರಮ್ಜಾನ್ ತಿಂಗಳಲ್ಲಿ ದೂರದ ಮದರಸಗಳಿಂದ ಬರುವವರ ಕೈಯಲ್ಲಿ ನಂಬರ್ ಹಾಕಿದ ರಸೀದಿ ಪುಸ್ತಕ ಇರುತ್ತದೆ. ಅಮ್ಮಿ 50 ರೂಪಾಯಿ ಕೊಟ್ಟರೂ ಹರಿದು ಕೊಡುತ್ತಾರೆ, ಅರ್ಧ ಅವರ ಹತ್ತಿರ ಉಳಿಯುತ್ತದೆ. ಕಳೆದ ಚುನಾವಣೆಯ ಸಮಯದಲ್ಲಿ ನಮ್ಮ ಗಲ್ಲಿಗೆ ಒಬ್ಬ ಅಭ್ಯರ್ಥಿಯ ಪರವಾಗಿ ನಾಲ್ಕು ಜನ ಬಂದರು. ಅಬ್ಬು 200 ರೂಪಾಯಿ ಕೊಟ್ಟು ರಸೀದಿ ಕೇಳಿದರು. ‘ಭಾಯ್, ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ನಕ್ಕು ಮುಂದಿನ ಮನೆಗೆ ಹೋದರು. ಐವತ್ತು ರೂಪಾಯಿಗೆ ರಸೀದಿ ಕೊಡುವ ಮದರಸಕ್ಕೆ ನಮ್ಮ ಮೇಲೆ ಅಪನಂಬಿಕೆ ಇದೆ ಎಂದು ಅರ್ಥವೇ?

ಮದರಸದ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯ ಪ್ರಕಾರ ಮಸೀದಿ, ದೇವಸ್ಥಾನ, ಚರ್ಚ್, ಯಾವುದರ ಆವರಣವನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಅವುಗಳ ನಿಧಿಯನ್ನು ಪಕ್ಷದ ಲಾಭಕ್ಕೆ ಕೊಡುವಂತಿಲ್ಲ. ಜುಮಾ ನಮಾಜಿನ ನಂತರ ಅದೇ ಅಂಗಳದಲ್ಲಿ ಅಭ್ಯರ್ಥಿಗೆ ಜೋಳಿಗೆ ಹಿಡಿಯುವುದು ಕಾನೂನಿಗೆ ವಿರುದ್ಧ. ಹಿಡಿಯುವವರು ನಮ್ಮವರೇ ಆಗಿದ್ದರೂ ಅಷ್ಟೇ. ಝಕಾತ್ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಕುರ್‌ಆನ್‌ನಲ್ಲಿ ಎಂಟು ವರ್ಗ ಹೇಳಿದೆ. ಪ್ರಚಾರದ ಪೋಸ್ಟರ್ ಅದರಲ್ಲಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ಆಲಿಮರನ್ನು ಕೇಳದೆ ಕೊಡಬೇಡಿ.

ವಿದೇಶದ ಹಣದ ಬಗ್ಗೆಯೂ ನಮ್ಮಲ್ಲಿ ಗೊಂದಲ ಇದೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಯಾರಾದರೊಬ್ಬರು ಗಲ್ಫಿನಲ್ಲಿದ್ದಾರೆ. ನಮ್ಮ ಮಾಮು ದಮ್ಮಾಮ್‌ನಲ್ಲಿದ್ದಾರೆ, ಪಾಸ್‌ಪೋರ್ಟ್ ಭಾರತದ್ದೇ. ಅವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಕಸಿನ್ ಕೊಟ್ಟರೆ ವಿದೇಶಿ ದೇಣಿಗೆ. ಅಭ್ಯರ್ಥಿಯಾಗಲಿ ಪಕ್ಷವಾಗಲಿ ಅದನ್ನು ತೆಗೆದುಕೊಳ್ಳುವುದನ್ನು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ನಿಷೇಧಿಸಿದೆ.

ಕ್ಯೂಆರ್ ಕೋಡ್ ಬಂದಾಗ ಸ್ಕ್ಯಾನ್ ಮಾಡಿ ಹೆಸರು ನೋಡಿ. ಅಭ್ಯರ್ಥಿಯ ಚುನಾವಣಾ ಖಾತೆಯ ಅಥವಾ ಪಕ್ಷದ ಹೆಸರು ಬರಬೇಕು. ಯಾರದೋ ಸ್ವಂತ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ವಂಚನೆಯೇ ಆಗಿರಬೇಕೆಂದಿಲ್ಲ, ಆದರೆ ಆ ಹಣ ಲೆಕ್ಕಕ್ಕೆ ಬರುತ್ತದೆ ಎಂಬ ಖಾತರಿ ಇಲ್ಲ.

ಕೊಟ್ಟದ್ದಾಯಿತು, ಚುನಾವಣೆ ಮುಗಿಯಿತು. ಆಮೇಲೆ ಲೆಕ್ಕ ಕೇಳುವುದು ಎಲ್ಲಿ? ಇದಕ್ಕೆ ಉತ್ತರ 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ ಇದೆ, 88ನೇ ನಿಯಮ. ಅಭ್ಯರ್ಥಿ ಒಪ್ಪಿಸಿದ ಖರ್ಚಿನ ಲೆಕ್ಕವನ್ನು ಯಾರು ಬೇಕಾದರೂ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ನೋಡಬಹುದು. ದೃಢೀಕರಿಸಿದ ಪ್ರತಿ ಬೇಕಾದರೆ ಆಯೋಗ ಗೊತ್ತು ಮಾಡಿದ ಶುಲ್ಕ ಕಟ್ಟಿ ಪಡೆಯಬಹುದು. ಅದರಲ್ಲಿ ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟದ್ದೆಷ್ಟು, ವ್ಯಕ್ತಿಗಳು ಮತ್ತು ಸಂಸ್ಥೆಗಳು ಸಾಲವಾಗಿ ಇಲ್ಲವೇ ದೇಣಿಗೆಯಾಗಿ ಕೊಟ್ಟದ್ದೆಷ್ಟು ಎಂದು ಬೇರೆ ಬೇರೆ ಪಟ್ಟಿ ಇರುತ್ತದೆ. ಆ ಕೊನೆಯ ಪಟ್ಟಿಯನ್ನು ಓದುವುದಕ್ಕೆ ನಾವು ಕ್ಲಾಸಿನಲ್ಲಿ ಕಲಿತ ಲೆಕ್ಕಪತ್ರವೇ ಸಾಕು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವಾರ್ಡ್ ಚುನಾವಣೆಗೆ ವರ್ಷಗಟ್ಟಲೆ ಕಾದೆವು, ಆದರೆ ಶಾಸಕರ, ಸಂಸದರ ಚುನಾವಣೆಗಳು ನಡೆದಿವೆ, ಲೆಕ್ಕಗಳೂ ಸಲ್ಲಿಕೆಯಾಗಿವೆ. ಹೋಗಿ ನೋಡುವುದಕ್ಕೆ ಕಾನೂನು ನಿಗದಿ ಮಾಡಿದ ಶುಲ್ಕ ಒಂದು ರೂಪಾಯಿ.